ಪುಣಜನೂರಿಗೆ ನಾನು ಮೊದಲ ಸಲ ಹೋದದ್ದು

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ನರ್ಸ್ ಕೆಲಸದವಳಿಗೆ ಅದೆಲ್ಲ ಹೊತ್ತು ಹೋಗದವರ ಮಾತು. ಈಗ ನಗುವುದಿಲ್ಲ, ನಂಬುತ್ತೇನೆ ಎಂದೂ ಹೇಳಲಾರೆ.

ತೊಂಬತ್ತರ ದಶಕದ ನಡುವೆ ನನಗೆ ಕಾರವಾರದಿಂದ ಪುಣಜನೂರಿನ ಆರೋಗ್ಯ ಉಪಕೇಂದ್ರಕ್ಕೆ ವರ್ಗವಾಯಿತು. ಅಲ್ಲಿಯವರೆಗೆ ಮೈಸೂರನ್ನೂ ಕಂಡವಳಲ್ಲ. ಗಂಡನನ್ನು ಊರಲ್ಲೇ ಬಿಟ್ಟು, ಒಂದು ಟ್ರಂಕು ಹಿಡಿದು, ಚಾಮರಾಜನಗರದಲ್ಲಿ ಬಸ್ಸು ಬದಲಿಸಿ ಮಟಮಟ ಮಧ್ಯಾಹ್ನ ಅಲ್ಲಿ ಇಳಿದೆ. ಟೀ ಅಂಗಡಿಯ ಹೆಂಗಸು ನನ್ನನ್ನು ಕಂಡು ಎದ್ದೇ ನಿಂತಳು.

"ಅಯ್ಯೋ ನರ್ಸಮ್ಮ, ಬಂದ್ಬುಟ್ರಾ! ಇಷ್ಟ್ ದಿನ ಎಲ್ಗೋಗಿದ್ರಿ?"

ಹಿಂದೆ ಇದ್ದ ನರ್ಸ್ ನಾನೇ ಎಂದು ತಪ್ಪು ತಿಳಿದಿರಬೇಕು ಅಂದುಕೊಂಡು ಮುಂದೆ ನಡೆದೆ. ಕೇಂದ್ರದ ಬೀಗ ತೆಗೆದು ರಿಜಿಸ್ಟರ್ ನೋಡಿದರೆ, ಐದು ವರ್ಷದಿಂದ ಅಲ್ಲಿಗೆ ಯಾವ ನರ್ಸೂ ಬಂದೇ ಇರಲಿಲ್ಲ.

ಟ್ರಂಕು ಬಿಚ್ಚುವ ಮೊದಲೇ ಒಬ್ಬ ಮುದುಕಿ ಓಡಿಬಂದಳು. ಸೊಸೆ ಮಾದಮ್ಮನಿಗೆ ಬೆಳಗಿನಿಂದ ಹೆರಿಗೆ ನೋವಂತೆ.

"ನೀವ್ ಬಂದದ್ ಕೇಳ್ಬುಟ್ಟು, ನೀವೇ ಬರ್ಬೇಕು ಅಂತ ಅಟ ಮಾಡ್ತಾವ್ಳೆ ಕಣವ್ವ!"

ಚೀಲ ಎತ್ತಿಕೊಂಡು ಬಿರಬಿರನೆ ನಡೆದೆ. ಎರಡು ಓಣಿ ದಾಟಿ, ಎಡಕ್ಕೆ ತಿರುಗಿ, ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಕಾಲಿಟ್ಟೆ. ನರಳುತ್ತ ಮಲಗಿದ್ದಳು ಮಾದಮ್ಮ. ಹಿಂತಿರುಗಿ ನೋಡಿದರೆ ಮುದುಕಿ ಇನ್ನೂ ಓಣಿಯ ತಿರುವಿನಲ್ಲಿ ಏದುಸಿರು ಬಿಡುತ್ತಿದ್ದಳು. ನನಗೆ ಮನೆ ತೋರಿಸಿದವರು ಯಾರೂ ಇರಲಿಲ್ಲ.

ಯೋಚಿಸಲು ಪುರಸೊತ್ತಾಗಲಿಲ್ಲ. ಕರುಳಬಳ್ಳಿ ಕೊರಳಿಗೆ ಸುತ್ತಿ, ಮಗು ನೀಲಿಗಟ್ಟಿ ಹೊರಬಂತು. ಬಾಯಿ ಒರೆಸಿ ಉಸಿರು ಊದಿದೆ. ಇನ್ನೇನು ಕೈತಪ್ಪಿತು ಅನ್ನುವಾಗ ಅತ್ತಿತು.

ಮಾದಮ್ಮ ಕಣ್ಣೊರೆಸಿಕೊಂಡಳು. "ಓದ್ಸಲಾನೂ ಇಂಗೇ ಉಸ್ರೂದಿ ಉಳಿಸ್ಕೊಟ್ರಿ. ಅದ್ಕೇ ದೊಡ್ಡ ಮಗ್ಳಿಗೆ ನಿಮ್ಮೆಸ್ರೇ ಇಕ್ಕಿದ್ದು."

ಬಾಗಿಲ ಬಳಿ ನಾಲ್ಕು ವರ್ಷದ ಹುಡುಗಿ ನಿಂತಿದ್ದಳು. ಹೆಸರು ಕೇಳಿದೆ.

"ಶಾಲ್ಮಲಾ."

ಅದು ನಮ್ಮ ಕಡೆಯ ಹೊಳೆಯ ಹೆಸರು. ಅಜ್ಜ ನನಗಿಟ್ಟದ್ದು. ಆ ಊರಿನಲ್ಲಿ ನಾನಿನ್ನೂ ಯಾರಿಗೂ ಹೆಸರು ಹೇಳಿರಲಿಲ್ಲ.

ಆ ಹುಡುಗಿ ಹುಟ್ಟಿದ ವರ್ಷ ನಾನು ಕಾರವಾರದಲ್ಲೇ ಕೆಲಸದಲ್ಲಿದ್ದೆ. ಎಷ್ಟು ಸಲ ಹೇಳಿದರೂ ಊರವರು ತಮಾಷೆಯೆಂದು ನಗುತ್ತಿದ್ದರು. ಒಂದು ತಿಂಗಳಾದ ಮೇಲೆ ಹೇಳುವುದನ್ನೇ ಬಿಟ್ಟೆ.

ಎರಡು ವರ್ಷದ ಬಳಿಕ ಮತ್ತೆ ವರ್ಗವಾಯಿತು. ಬಸ್ಸಿನ ತನಕ ಬಂದ ಮಾದಮ್ಮ ನನ್ನ ಕೈ ಹಿಡಿದುಕೊಂಡಳು.

"ಈ ಸಲನಾದ್ರೂ ಯೋಳಿ ಓಯ್ತಿದೀರಲ್ಲ, ಅಷ್ಟೇ ಸಾಕು ಕಣವ್ವ. ಓದ್ಸಲ ಒಂದ್ ಮಾತೂ ಯೋಳ್ದೆ ಒಂಟೋದ್ರಿ. ಎಷ್ಟ್ ಅತ್ತೆ ಗೊತ್ತಾ?"

"ತಪ್ಪಾಯ್ತು ಮಾದಮ್ಮ" ಅಂದೆ. ಯಾವ ತಪ್ಪನ್ನು ಒಪ್ಪಿಕೊಂಡೆನೋ, ಇವತ್ತಿಗೂ ನನಗೆ ಗೊತ್ತಿಲ್ಲ.