ಅನ್ನದ ಜ್ವಾಲಾಮುಖಿ

ಮೌಂಟ್ ರಾಸ್ಕಿಲ್ ಅನ್ನೋ ಪರದೇಶದ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಮೆಕ್ಯಾನಿಕ್. ಅಂಟಾರ್ಕ್ಟಿಕಾದ ಒಂದು ಜ್ವಾಲಾಮುಖಿ ದ್ವೀಪದಲ್ಲಿ ಒಂದು ಬೇಸಿಗೆ ಪೂರ್ತಿ ಹಿಮದ ಗಾಡಿ ರಿಪೇರಿ ಮಾಡಿ ಬಂದಿದ್ದರು. ಆಮೇಲೆ ಊಟದ ತಟ್ಟೆಯೇ ಅವರ ನಕ್ಷೆಯಾಯಿತು. ಅನ್ನ ಹಿಮದ ಬೆಟ್ಟ, ನಡುವಿನ ಗುಳಿಯಲ್ಲಿ ಹೊಗೆಯಾಡುವ ಸಾರು ಲಾವಾದ ಕೆರೆ, ಸುತ್ತ ಮುರಿದಿಟ್ಟ ಹಪ್ಪಳ ಹೆಪ್ಪುಗಟ್ಟಿದ ಸಮುದ್ರ. "ಇಲ್ನೋಡಿ" ಎಂದು ಬೆರಳಲ್ಲಿ ತೋರಿಸದೆ ಅವರು ತುತ್ತು ಎತ್ತುತ್ತಿರಲಿಲ್ಲ.

ಮತ್ತೆ ಅಲ್ಲಿಗೇ ಕರೆ ಬಂತು. ಅವರಿಗೆ ಹೋಗುವ ಆಸೆ ಬಹಳ, ಆದರೆ ಮನೆಯವರು ಒಪ್ಪದೆ ಹೋಗುವವರಲ್ಲ. ಅವತ್ತು ನಾನೂ ಊಟಕ್ಕೆ ಕೂತಿದ್ದೆ. ಮಗಳು ಬಿಡಲೇ ಇಲ್ಲ.

"ಡೋಂಟ್ ಗೋ ಅಪ್ಪಾ! ಇಟ್ ವಿಲ್ ಬ್ಲೋ ಅಪ್!"

"ಇಲ್ಲ ಪುಟ್ಟಿ, ಇಲ್ನೋಡು. ಅದ್ರ ಬಾಯಿ ಯಾವಾಗ್ಲೂ ತೆರ್ದೇ ಇರತ್ತೆ. ಹೊಗೆ ಬಿಡತ್ತೆ, ಗೊಣಗತ್ತೆ, ಆಗಾಗ ನಾಲ್ಕು ಕಲ್ಲು ಉಗಿಯತ್ತೆ, ಅಷ್ಟೇ. ಬಾಯಿ ಮುಚ್ಕೊಂಡು ಸುಮ್ನೆ ಕೂತಿರೋ ಬೆಟ್ಟಕ್ಕೇ ಹೆದರ್ಬೇಕು."

ಹುಡುಗಿ ಯೋಚಿಸಿ ಅಡುಗೆಮನೆ ಕಡೆ ತಿರುಗಿದಳು. "ಬಟ್ ಅಮ್ಮ ಹ್ಯಾಸ್‌ಂಟ್ ಟಾಕ್ಡ್ ಆಲ್ ಡೇ."

ಅಂಕಲ್ ಊಟ ಬಿಟ್ಟು ಎದ್ದು ಒಳಗೆ ಓಡಿದರು. ಸ್ವಲ್ಪ ಹೊತ್ತಿಗೆ ಆಂಟಿಯ ಬೈಗುಳ ಬೀದಿಗೆ ಕೇಳಿಸಿತು, ಜೊತೆಗೆ ಒಂದು ಲೋಟವೂ ಬಿತ್ತು.

ಅಂಕಲ್ ಬಾಗಿಲಲ್ಲಿ ಇಣುಕಿ ಖುಷಿಯಿಂದ ಹೇಳಿದರು: "ಇನ್ನು ಭಯ ಇಲ್ಲ ಕಣೋ. ಬಾಯಿ ಬಿಟ್ಳು!"