ಪ್ರೂಫ್ ಕೊಟ್ಟವನು ಬರಾಕಾ ಅಲ್ಲ

ಆ ಪುಟವನ್ನು ಸರ್ಕಾರದವರ ಕೈಗೆ ಕೊಟ್ಟವನು ನಾನು. ಬರಾಕಾ ಅಲ್ಲ. ಹದಿನೇಳು ವರ್ಷಗಳಿಂದ ಆ ಊರಿನ ಪತ್ರಕರ್ತರೆಲ್ಲ ಬರಾಕಾನನ್ನು ದ್ರೋಹಿ ಎಂದು ಕರೆಯುತ್ತ ಬಂದಿದ್ದಾರೆ. ಅವರ ಬಾಯಿಗೆ ಅವನ ಹೆಸರನ್ನು ಇಟ್ಟವನೂ ನಾನೇ.

ಡಲ್ಲಾಸಿನ ಕನ್ನಡಿಗರಲ್ಲಿ ಅನೇಕರು ನನ್ನನ್ನು ಬಲ್ಲಿರಿ. ಅಲೆನ್‌ನಲ್ಲಿ ಇಲ್ಲೇ ಪಕ್ಕದಲ್ಲಿ ನನ್ನದೊಂದು ಪ್ರಿಂಟಿಂಗ್ ಅಂಗಡಿ ಇದೆ. ರಾಜ್ಯೋತ್ಸವದ ಬ್ಯಾನರ್, ಗೃಹಪ್ರವೇಶದ ಕಾರ್ಡು, ಮಕ್ಕಳ ರಂಗಪ್ರವೇಶದ ಆಮಂತ್ರಣ— ನಾನು ಅಚ್ಚು ಹಾಕಿದ ಒಂದು ಕಾಗದವಾದರೂ ನಿಮ್ಮ ಮನೆಯಲ್ಲಿದ್ದೀತು. 'ಹುಬ್ಬಳ್ಳಿ ಅಂಕಲ್ ಹತ್ರ ಕೊಟ್ರೆ ಚಿಂತೆ ಇಲ್ಲ, ಒಂದಕ್ಷರ ತಪ್ಪಾಗಲ್ಲ' ಎಂದು ನೀವು ಹೇಳುವುದನ್ನು ಕೇಳಿದ್ದೇನೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ— ಇರಲಿ. ಮೊದಲು ನಡೆದದ್ದನ್ನು ಹೇಳುತ್ತೇನೆ.

ಟೆಕ್ಸಾಸಿಗೆ ಬರುವ ಮೊದಲು ಪೂರ್ವ ಆಫ್ರಿಕಾದ ಒಂದು ದೇಶದಲ್ಲಿ ಆರು ವರ್ಷ ಕೆಲಸ ಮಾಡಿದೆ. ದೇಶದ ಹೆಸರು ಬರೆಯುವುದಿಲ್ಲ. ಈ ಕಥೆಯ ಕೆಲವರು ಇನ್ನೂ ಅಲ್ಲೇ ಬದುಕಬೇಕು. ಒಂದು ಮುದ್ರಣಾಲಯದಲ್ಲಿ ನಾನು ಮೆಷಿನ್ ವಿಭಾಗದ ಮುಖ್ಯಸ್ಥ. ಅಲ್ಲಿ ಅಚ್ಚಾಗುತ್ತಿದ್ದ ಪತ್ರಿಕೆಗಳಲ್ಲಿ ರೆಹೆಮಾ ಎಂಬ ಸಂಪಾದಕಿಯ ವಾರಪತ್ರಿಕೆಯೂ ಒಂದು. ಎಂಟೇ ಪುಟ. ಪ್ರತಿ ಗುರುವಾರ ಬೆಳಿಗ್ಗೆ ಅವರು ಕೊನೆಯ ಪ್ರೂಫ್, ಅಂದರೆ ಅಚ್ಚಿಗೆ ಮೊದಲು ತಿದ್ದುವ ಹಾಳೆ, ಹಿಡಿದುಕೊಂಡು ತಾವೇ ಬರುತ್ತಿದ್ದರು, ಕಾಗದದ ರೀಲಿನ ಮೇಲೆ ಕೂತು ಓದುತ್ತಿದ್ದರು, ತಲೆಯ ಮೇಲೇ ಇದ್ದ ಕನ್ನಡಕವನ್ನು ಎಲ್ಲ ಕಡೆ ಹುಡುಕುತ್ತಿದ್ದರು. ಮಂತ್ರಿಗಳು ಹೆದರುತ್ತಿದ್ದ ಹೆಂಗಸು ಅವರೇ.

ಬರಾಕಾ ಪ್ಲೇಟ್ ಮಾಡುವವನು, ಪುಟಗಳನ್ನು ಅಚ್ಚಿನ ತಗಡಿಗೆ ಇಳಿಸುವವನು. ನನಗಿಂತ ಹತ್ತು ವರ್ಷ ದೊಡ್ಡವನು. ಅಲ್ಲಿಯ ಭಾಷೆಯ ಅಂಕಿಗಳನ್ನು ನನಗೆ ಕಲಿಸಿದವನು ಅವನು. ನನ್ನ ನಾಲ್ಕು ವರ್ಷದ ಮಗಳು ಮೇಘಾಳಿಗೆ ಸುಟ್ಟ ಮೆಕ್ಕೆಜೋಳ ತಂದುಕೊಡುತ್ತಿದ್ದ. ನನ್ನನ್ನು 'ಫುಂಡಿ' ಎನ್ನುತ್ತಿದ್ದ— ಮೇಸ್ತ್ರಿ ಎಂದಂತೆ. ಅವನನ್ನು ಕೇಳಿ ರೆಹೆಮಾ ಕೂಡ ಹಾಗೇ ಕರೆಯತೊಡಗಿದ್ದರು.

ಆ ವರ್ಷ ನನ್ನ ಕೆಲಸದ ಪರ್ಮಿಟ್ ನವೀಕರಣಕ್ಕೆ ಹೋದದ್ದು ಹಿಂದಿರುಗಲಿಲ್ಲ. ಅದೇ ಸಮಯದಲ್ಲಿ ವಾರ್ತಾ ಇಲಾಖೆಯ ಒಬ್ಬ ಅಧಿಕಾರಿ ಮುದ್ರಣಾಲಯಕ್ಕೆ ಬಂದು ಹೋಗಲು ಶುರು ಮಾಡಿದ. ಬಹಳ ಮರ್ಯಾದಸ್ಥ. ಚಹಾ ಕುಡಿಯುತ್ತ ಕೇಳುತ್ತಿದ್ದ: "ಮಗಳಿಗೆ ಸ್ಕೂಲಿನಲ್ಲಿ ಸೀಟು ಸಿಕ್ಕಿತೇ? ನಿಮ್ಮ ಫೈಲು ಯಾರ ಮೇಜಿನ ಮೇಲಿದೆ ಎಂದು ನನಗೆ ಗೊತ್ತು." ಮೂರು ವಾರ ಅಷ್ಟೇ ಮಾತು. ನಾಲ್ಕನೆಯ ಗುರುವಾರ ಹೇಳಿದ: "ರೆಹೆಮಾ ಅವರ ಮುಖಪುಟವನ್ನು ಒಂದು ಸಲ ಓದಬೇಕಿತ್ತು. ಓದುವುದು ಅಪರಾಧವೇನಲ್ಲವಲ್ಲ?"

ಪ್ರೂಫ್ ಬರಾಕಾನ ಮೇಜಿನ ಮೇಲಿತ್ತು. ಪ್ಲೇಟ್ ಮುಗಿಸಿ ಅವನು ಊಟಕ್ಕೆ ಹೋಗಿದ್ದ. ನಾನು ಹೋಗಿ ತೆಗೆದುಕೊಂಡೆ, ನಾಲ್ಕಾಗಿ ಮಡಚಿದೆ, ಲಕೋಟೆಯಲ್ಲಿಟ್ಟು ಕೊಟ್ಟೆ. ಅದರಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಸರೋವರದ ದಂಡೆಯ ಒಂದು ಹಳ್ಳಿಯನ್ನು ಮಂತ್ರಿಯ ಸಂಬಂಧಿಕರಿಗಾಗಿ ಖಾಲಿ ಮಾಡಿಸಿದ ವರದಿ, ಜೊತೆಗೆ ಸರ್ಕಾರಿ ನಕ್ಷೆ. ಅಂಚಿನಲ್ಲಿ ರೆಹೆಮಾ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದರು— ಸರ್ವೆ ಕಚೇರಿಯ ಒಬ್ಬ ನೌಕರನ ಹೆಸರು, ಮುಂದೆ 'ನಕ್ಷೆಯ ಬಗ್ಗೆ ಇವರನ್ನು ಇನ್ನೊಮ್ಮೆ ಕೇಳುವುದು'. ಪತ್ರಿಕೆಯಲ್ಲಿ ಆ ಹೆಸರು ಬರುವುದಿರಲಿಲ್ಲ. ಅದು ಇದ್ದದ್ದು ಆ ಒಂದು ಹಾಳೆಯಲ್ಲಿ ಮಾತ್ರ. ಅದನ್ನೂ ನಾನು ಓದಿದ್ದೆ. ಓದಿಯೇ ಕೊಟ್ಟೆ.

ಮೂರು ಗಂಟೆಗೆ ಮೆಷಿನ್ ಓಡುತ್ತಿರುವಾಗಲೇ ಪೊಲೀಸ್ ಲಾರಿ ಬಂತು. ಮಸಿ ಒಣಗಿರದ ಕಟ್ಟುಗಳನ್ನು ಲಾರಿಗೆ ಹೊತ್ತು ಹಾಕಿದರು. ಮರುದಿನ ಬೆಳಿಗ್ಗೆ ಸರ್ವೆ ನೌಕರನನ್ನು ಅವನ ಕುರ್ಚಿಯಿಂದಲೇ ಎಬ್ಬಿಸಿಕೊಂಡು ಹೋದರು. ಎಂಟು ತಿಂಗಳ ನಂತರ ಬಿಟ್ಟಾಗ ಅವನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಪತ್ರಿಕೆಯ ಪರವಾನಗಿ ರದ್ದಾಯಿತು. ಮತ್ತೆ ಬರಲಿಲ್ಲ.

ಆ ಶುಕ್ರವಾರ ರೆಹೆಮಾ ಮುದ್ರಣಾಲಯದ ಅಂಗಳಕ್ಕೆ ಬಂದರು. ನಾವೆಲ್ಲ ನಿಂತಿದ್ದೆವು.

"ಹೆಸರು ಇದ್ದದ್ದು ಪ್ರೂಫಿನಲ್ಲಿ. ಅದು ಯಾರ ಕೈಯಲ್ಲಿತ್ತು, ಫುಂಡಿ?"

"ಬರಾಕಾನ ಹತ್ತಿರ ಇತ್ತು" ಎಂದೆ.

ಸುಳ್ಳಲ್ಲ. ಅವನ ಹತ್ತಿರವೇ ಇತ್ತು. ಇಷ್ಟು ಚೊಕ್ಕವಾದ ಒಂದು ನಿಜದಿಂದ ಒಬ್ಬ ಮನುಷ್ಯನನ್ನು ಮುಗಿಸಬಹುದೆಂದು— ಅದೂ ನನಗೆ ಆ ಕ್ಷಣದಲ್ಲೇ ಗೊತ್ತಿತ್ತು. ಬರಾಕಾ ನನ್ನತ್ತ ನೋಡಿದ. ಸಿಟ್ಟಿನಿಂದಲ್ಲ. ಇವನು ಇನ್ನೊಂದು ಮಾತು ಹೇಳಲಿದ್ದಾನೆ, ಹೇಳಿ ಮುಗಿಸಲಿ ಎಂದು ಕಾಯುವವನ ಹಾಗೆ. ನಾನು ಮೆಷಿನ್ ಒರೆಸುವ ಬಟ್ಟೆಯಲ್ಲಿ ಕೈ ಒರೆಸಿಕೊಂಡೆ. ಅವನು ಕಾಯುತ್ತಲೇ ಇದ್ದ.

ಅಂದೇ ಅವನನ್ನು ಕೆಲಸದಿಂದ ತೆಗೆದರು. ಆ ಊರಿನ ಬೇರೆ ಯಾವ ಮುದ್ರಣಾಲಯವೂ ಅವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಸೋಮವಾರ ನನ್ನ ಪರ್ಮಿಟ್ ಬಂತು. ಎರಡು ವರ್ಷದ ನಂತರ, ಅಲೆನ್‌ನಲ್ಲಿದ್ದ ಅಣ್ಣ, ನನ್ನ ಹೆಂಡತಿಯ ಅಣ್ಣ, ನಮ್ಮನ್ನು ಕರೆಸಿಕೊಂಡರು. ಅವರ ಅಂಗಡಿಯೇ ಈಗ ನನ್ನದಾಗಿದೆ.

ಕಳೆದ ವಸಂತದಲ್ಲಿ ಮೇಲ್‌ನಲ್ಲಿ ಒಂದು ಬ್ಯಾನರಿನ ಆರ್ಡರ್ ಬಂತು. ಡಲ್ಲಾಸಿನ ಒಂದು ಲೈಬ್ರರಿಯಲ್ಲಿ ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಉಪನ್ಯಾಸ. ಫೈಲನ್ನು ಸರಿಯಾಗಿ ನೋಡದೆ ಮೆಷಿನ್ನಿಗೆ ಹಾಕಿದೆ. ಮೊದಲು ನರೆತ ಕೂದಲು ಬಂತು, ಆಮೇಲೆ ಹಣೆ, ಆಮೇಲೆ ಕಣ್ಣು. ಬಾಯಿ ಬರುವಷ್ಟರಲ್ಲಿ ನಾನು ಸ್ಟೂಲಿನ ಮೇಲೆ ಕೂತಿದ್ದೆ. ರೆಹೆಮಾ. ದೇಶ ಬಿಟ್ಟು ಹೂಸ್ಟನ್‌ನಲ್ಲಿ ಆಶ್ರಯ ಪಡೆದು, ಅಲ್ಲಿಂದ ಇಂಟರ್‌ನೆಟ್‌ನಲ್ಲಿ ಪತ್ರಿಕೆ ನಡೆಸುತ್ತಿದ್ದಾರೆಂದು ಕೆಳಗೆ ಬರೆದಿತ್ತು.

ಶನಿವಾರ ಬೆಳಿಗ್ಗೆ ಬ್ಯಾನರ್ ಒಯ್ಯಲು ಸಂಘಟಕರ ಜೊತೆ ಅವರೇ ಅಂಗಡಿಗೆ ಬಂದರು. ಒಳಗೆ ಓಡಿಹೋಗಬಹುದಿತ್ತು. ಹೋಗಲಿಲ್ಲ, ನಾನು ಸರಿಯಾಗಿ ಮಾಡಿದ್ದು ಅದೊಂದೇ. ಬಾಗಿಲಲ್ಲೇ ಗುರುತು ಹಿಡಿದು "ಫುಂಡಿ!" ಎಂದು ಕೂಗಿ ಬಂದು ತಬ್ಬಿಕೊಂಡರು. ಅತ್ತರು. ನನ್ನ ಹೆಂಡತಿ ಶಾರದಾ ಕೊಟ್ಟ ಚಹಾ ಕುಡಿಯುತ್ತ ಹೇಳಿದರು: "ಪುಸ್ತಕ ಬರೆಯುತ್ತಿದ್ದೇನೆ. ಬರಾಕಾನ ಬಗ್ಗೆ ಒಂದು ಅಧ್ಯಾಯವೇ ಇದೆ. ಹೆಸರು ಹಾಕಿಯೇ ಬರೆದಿದ್ದೇನೆ. ಅವನ ಮಕ್ಕಳೂ ಓದಲಿ."

ಅವರು ಹೋದ ಮೇಲೆ ಶಾರದಾಳಿಗೆ ಎಲ್ಲವನ್ನೂ ಹೇಳಿದೆ. ಆ ಪರ್ಮಿಟ್ ಹೇಗೆ ಬಂತೆಂದು ಅವಳಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಈಗ ಹೇಳಿ ಏನ್ ಮಾಡ್ತೀರಿ?" ಎಂದಳು. "ಮಂದಿ ಮುಂದ ಹೆಂಗ ತಿರಗಾಡೂದು? ಮೇಘಾಗ ಏನಂತ ಹೇಳ್ತೀರಿ?"

"ಇದ್ದದ್ದನ್ನ ಹೇಳ್ತೀನಿ."

"ಅವತ್ತ ಹೇಳಬೇಕಾಗಿತ್ತರಿ."



ಮೇಘಾ ಈಗ ಆಸ್ಟಿನ್‌ನಲ್ಲಿ ಓದುತ್ತಾಳೆ. ಆ ಭಾನುವಾರ ಮನೆಗೆ ಬಂದವಳ ಮುಂದೆ ಕೂತು ಹೇಳಿದೆ. ಕನ್ನಡದಲ್ಲೇ ಹೇಳಿದೆ, ಅವಳು ಎಂದಿನಂತೆ ಇಂಗ್ಲಿಷಿನಲ್ಲಿ ಕೇಳಿದಳು, ಒಂದೇ ಪ್ರಶ್ನೆ: "ಆಗ ಬರಾಕಾ ಅವರಿಗೆ ಎಷ್ಟು ಜನ ಮಕ್ಕಳಿದ್ದರು, ಅಪ್ಪಾ?" ಮೂವರು ಎಂದೆ. ಎದ್ದು ಹೋಗಿ ಕಾರಿನ ಕೀ ತಂದಳು. "ಹೂಸ್ಟನ್‌ಗೆ ನಾನು ಡ್ರೈವ್ ಮಾಡ್ತೀನಿ" ಎಂದಳು. ಅದನ್ನು ಕನ್ನಡದಲ್ಲೇ ಹೇಳಿದಳು. ನಾಲ್ಕು ಗಂಟೆಯ ದಾರಿ.

ರೆಹೆಮಾ ಅವರ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ನಿಂತೇ ಹೇಳಿದೆ. ಒಳಗೆ ಹೋಗಿ ಕೂತರೆ ಮತ್ತೆ ಅತಿಥಿಯಾಗಿಬಿಡುತ್ತಿದ್ದೆ. "ಪ್ರೂಫ್ ಕೊಟ್ಟವನು ನಾನು. ಬರಾಕಾನಿಗೆ ಏನೂ ಗೊತ್ತಿರಲಿಲ್ಲ."

ಅವರು ಕೂಗಾಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ನಾನು ಅವನಿಗೆ ಏನೇನು ಅಂದಿದ್ದೇನೆ ಗೊತ್ತೇ ನಿಮಗೆ?" ಎಂದರು. "ಅವನ ತಾಯಿ ಸತ್ತಾಗ ನಮ್ಮವರು ಯಾರೂ ಹೋಗಲಿಲ್ಲ. ಹೋಗಬೇಡಿ ಎಂದವಳು ನಾನು."

ಅವರು ಚೌಕಟ್ಟು ಬಿಟ್ಟು ನೆಟ್ಟಗೆ ನಿಂತರು.

"ಬರೆದುಕೊಡಿ. ನಿಮ್ಮ ಹೆಸರು, ನಿಮ್ಮ ಫೋಟೋ. ನನ್ನ ಪತ್ರಿಕೆಯಲ್ಲಿ ಹಾಕುತ್ತೇನೆ. ಆ ಅಧ್ಯಾಯವನ್ನೂ ಹೊಸದಾಗಿ ಬರೆಯುತ್ತೇನೆ. ಅದರಲ್ಲಿ ನನ್ನ ತಪ್ಪೂ ಇರುತ್ತದೆ. ಈಗ ಹೋಗಿ."

ಬರಾಕಾನ ನಂಬರನ್ನು ಅವರೇ ಹುಡುಕಿ ಕಳಿಸಿದರು. ಅವನು ಈಗ ಬಸ್ ನಿಲ್ದಾಣದ ಹತ್ತಿರ ಛತ್ರಿ, ಬ್ಯಾಗುಗಳ ರಿಪೇರಿ ಮಾಡುತ್ತಾನೆ. ಫೋನ್ ಎತ್ತಿದ್ದು ಅವನ ಮಗಳು. ಹೆಸರು ಹೇಳಿದೆ, ಯಾಕೆ ಫೋನ್ ಮಾಡಿದೆನೆಂದು ಹೇಳಿದೆ. ಫೋನನ್ನು ಪಕ್ಕಕ್ಕಿಟ್ಟ ಸದ್ದು. ಒಳಗೆ ಏನೋ ಮಾತು. ಮತ್ತೆ ಅವಳೇ ಬಂದಳು.

"ಅಪ್ಪ ಮಾತಾಡುವುದಿಲ್ಲವಂತೆ. ನಮ್ಮ ಕೇರಿಯ ಜನ ಓದುವ ಭಾಷೆಯಲ್ಲಿ ಬರೆಯಬೇಕಂತೆ. ಇಂಗ್ಲಿಷಿನಲ್ಲಿ ಬರೆದರೆ ಅಮ್ಮನಿಗೆ ಓದಲು ಬರುವುದಿಲ್ಲ."

ಆ ಭಾಷೆಯಲ್ಲೇ ಬರೆಯುತ್ತಿದ್ದೇನೆ. ನನ್ನ ಅರೆಬರೆ ಭಾಷೆಯನ್ನು ರೆಹೆಮಾ ತಿದ್ದುತ್ತಿದ್ದಾರೆ. ಬರುವ ಗುರುವಾರ ಅದು ಪ್ರಕಟವಾಗುತ್ತದೆ. ಇದನ್ನು ಕನ್ನಡದಲ್ಲಿ ಬರೆದದ್ದು, ನನಗೆ ಒಳ್ಳೆಯ ಹೆಸರು ಇರುವುದು ನಿಮ್ಮಲ್ಲಿ ಎಂಬ ಕಾರಣಕ್ಕೆ. ಬರಾಕಾನ ಹೆಸರು ಅವನ ಕೇರಿಯಲ್ಲಿ ಹೋದ ಹಾಗೆ ನನ್ನದು ನನ್ನ ಕೇರಿಯಲ್ಲಿ ಹೋಗಬೇಕು. ನಾಳೆಯಿಂದ ನೀವು ಬ್ಯಾನರಿಗೆ ಬೇರೆ ಅಂಗಡಿ ನೋಡಿಕೊಂಡರೆ ನಾನು ಏನೂ ಕೇಳುವುದಿಲ್ಲ.

ರೆಹೆಮಾ ನನ್ನ ಫೋನ್ ಎತ್ತುವುದಿಲ್ಲ. ತಿದ್ದುಪಡಿಗಳು ಮೇಲ್‌ನಲ್ಲಿ ಬರುತ್ತವೆ, ಒಂದು ನಮಸ್ಕಾರವೂ ಇಲ್ಲದೆ. ನಿನ್ನೆ ಬಂದದ್ದರಲ್ಲಿ ಒಂದೇ ಒಂದು ವಾಕ್ಯಕ್ಕೆ ಕೆಂಪು ಗೆರೆ ಎಳೆದಿದ್ದರು— 'ಆಗ ನನಗೆ ಭಯವಾಗಿತ್ತು.' ಮುಂದೆ ಬರೆದಿದ್ದರು: 'ಎಲ್ಲರಿಗೂ ಆಗಿತ್ತು.'

ಆ ವಾಕ್ಯ ತೆಗೆದು ಕಳಿಸಿದೆ.