ಸೂಜಿಯ ದಿನ ರೈಲು ನೋಡಹೊರಟ ಅಪ್ಪ

ನನ್ನಪ್ಪ ಆರೋಗ್ಯ ಇಲಾಖೆಯಲ್ಲಿದ್ದವರು. ಯಗಟಿ ಸುತ್ತಲಿನ ಹಳ್ಳಿಗಳಲ್ಲಿ ಮಕ್ಕಳಿಗೆ ಲಸಿಕೆ ಹಾಕಿಸುವುದೇ ಅವರ ಕೆಲಸ. ಮಗುವನ್ನು ಅವಚಿಕೊಂಡು ಕುರಿದೊಡ್ಡಿಯ ಹಿಂದೆ ಅಡಗಿದ ತಾಯಂದಿರನ್ನೂ ಹುಡುಕಿ ತಂದು, "ದಡಾರ ಬಂದ್ರೆ ನಿಮ್ಮತ್ತೆ ಬಂದು ಉಳಿಸ್ತಾಳೇನಮ್ಮಾ?" ಎಂದು ಗದರುತ್ತಿದ್ದರಂತೆ. ನಿವೃತ್ತರಾದ ಮೇಲೂ ಊಟಕ್ಕೆ ಕೂತಾಗಲೆಲ್ಲ ಇವೇ ಪರಾಕ್ರಮದ ಕಥೆಗಳು.

ನನ್ನ ಮಗನಿಗೆ ಒಂಬತ್ತು ತಿಂಗಳು ತುಂಬಿ, ದಡಾರದ ಸೂಜಿಯ ದಿನ ಬಂತು. ಹಿಂದಿನವೆಲ್ಲ ಗಂಡನ ಊರು ತರೀಕೆರೆಯಲ್ಲೇ ಆಗಿದ್ದವು. ತವರಿನಲ್ಲಿ ಇದೇ ಮೊದಲು. ಲಸಿಕೆಯ ಲೆಕ್ಕ ಬರೆಯುವ 'ತಾಯಿ ಕಾರ್ಡ್' ಹುಡುಕಿ ನಾನು ಹೊರಬರುವಷ್ಟರಲ್ಲಿ ಮಗುವೂ ಇಲ್ಲ, ಅಪ್ಪನೂ ಇಲ್ಲ.

ಅಮ್ಮ ಸೊಪ್ಪು ಸೋಸುತ್ತಲೇ, "ಕಡೂರಲ್ಲಿ ರೈಲು ತೋರಿಸ್ಕಂಡ್ ಬತ್ತೀನಿ ಅಂತ ಎತ್ಕಂಡೋದ್ರು" ಎಂದಳು.

ಬಸ್‌ಸ್ಟ್ಯಾಂಡಿಗೆ ಓಡಿದೆ. ಹೊರಡಲು ನಿಂತಿದ್ದ ಬಸ್ಸಿನಲ್ಲಿ ಅಪ್ಪ ಮೊಮ್ಮಗನ ತಲೆಗೆ ಟವಲ್ ಹೊದಿಸಿ ಕೂತಿದ್ದರು. ಅವನು ಟವಲ್ಲಿನೊಳಗಿಂದಲೇ ಕೇಕೆ ಹಾಕುತ್ತಿದ್ದ.

"ಇಳೀರಿ ಅಪ್ಪಾ."

"ಮುಂದಿನ್ ವಾರ ಹಾಕ್ಸಿದ್ರಾಯ್ತು ಕಣೇ. ಯಾಕೋ ಶೀತ ಆದಂಗೈತೆ."

"ಯಾರಿಗೆ?"

ಅಪ್ಪ ಸ್ವಲ್ಪ ಯೋಚಿಸಿ, "ನಂಗೆ" ಎಂದರು.

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಬಾಗಿಲು ತೆರೆದು ಹಿಡಿದ. "ಸಾರ್, ಸ್ಕೂಲಲ್ಲಿದ್ದಾಗ ಹುಣಸೆಮರ ಹತ್ತಿದ್ದ ನನ್ನ ಇಳ್ಸಿ ಸೂಜಿ ಹಾಕ್ಸಿದ್ರಲ್ಲ. ಈಗ ನೀವು ಇಳೀರಿ."

ಅಂಗನವಾಡಿಯಲ್ಲಿ ನರ್ಸಮ್ಮ ಮಗುವಿನ ತೋಳು ಹಿಡಿದಳು. ಅಪ್ಪ ಗೋಡೆಗೆ ತಿರುಗಿ, ಅಲ್ಲಿ ಬರೆದಿದ್ದ ಅಕ್ಷರಮಾಲೆಯನ್ನು ಗಟ್ಟಿಯಾಗಿ ಓದತೊಡಗಿದರು. ಮಗ ಅತ್ತಿದ್ದು 'ಅ'ದಿಂದ 'ಋ'ವರೆಗೆ, ಅಷ್ಟೇ. ಆಮೇಲೆ ನರ್ಸಮ್ಮನ ಪೆನ್ನು ಕಿತ್ತುಕೊಳ್ಳುವ ಕೆಲಸಕ್ಕಿಳಿದ. ಅಪ್ಪ ಮಾತ್ರ 'ಳ' ಮುಗಿದರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಅರ್ಧ ಗಂಟೆ ಅಲ್ಲೇ ಕೂತಿರಬೇಕೆಂದು ನರ್ಸಮ್ಮ ಹೇಳಿದಳು. ಪಕ್ಕದಲ್ಲಿ ಕೂತ ಅಪ್ಪ ನನಗಷ್ಟೇ ಕೇಳುವಂತೆ, "ಬ್ಯಾರೇರ ಮಕ್ಳ ತೋಳು ಇಷ್ಟ್ ಸಣ್ಣಕ್ಕಿರ್ಲಿಲ್ಲ ಕಣೇ" ಎಂದರು. ಬೆಳಗಿನಿಂದ ಹಿಡಿದಿಟ್ಟ ಸಿಟ್ಟು ಆಗ ಹೋಯಿತು.

"ಮುಂದಿನ್ದು ಮಗೂಗೆ ಒಂದೂವರೆ ವರ್ಷ ತುಂಬಿದ್ಮೇಲೆ. ಆವಾಗ ಎರಡು ಸೂಜಿ" ಎಂದು ನರ್ಸಮ್ಮ ಕಾರ್ಡ್ ಕೊಟ್ಟಳು.

"ಆವತ್ತು ನಂಗೆ ಮಠದಲ್ಲಿ ಕೆಲ್ಸ ಐತೆ" ಎಂದರು ಅಪ್ಪ. ಯಾವತ್ತು ಎಂದು ಇನ್ನೂ ಯಾರೂ ಹೇಳಿರಲಿಲ್ಲ.